ಹನ್ನೆರಡು ನಿಮಿಷದೊಳಗೆ ಬೆಂಗಳೂರು: ಕೊಯಿಲದವರಿಗೊಂದು ಕೈಪಿಡಿ

ಮೊದಲು ಗುರಿ ಇಟ್ಟುಕೊಳ್ಳಿ. ನೀವು ಪುತ್ತೂರಿನ ಕಡೆಯ ಕೊಯಿಲದವರು. ರಜೆ ಮುಗಿದಿದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಿದ್ದೀರಿ. ಚಾವಡಿಯಿಂದ ಅಮ್ಮ "ಮೆಲ್ಲ ಹೋಗು ಆಯ್ತಾ" ಎನ್ನುತ್ತಾರೆ. ಆ ಮಾತು ಕಿವಿಗೆ ಬೀಳುವ ಮೊದಲೇ ನೀವು ಊರು ದಾಟಿರಬೇಕು. ಶಬ್ದಾತೀತ ಪ್ರಯಾಣ ಎಂದರೆ ಇಷ್ಟೇ. ಉಳಿದದ್ದೆಲ್ಲ ಗ್ಯಾರೇಜಿನ ಕೆಲಸ.

ಲೆಕ್ಕ ಬರೆದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಗಂಟೆಗೆ 1,235 ಕಿ.ಮೀ. ಕೊಯಿಲದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಅಮ್ಮನ ಮಾತು ದಾರಿಯಲ್ಲಿ ಕರಗದೆ, ಶಿರಾಡಿಯ ಗುಡ್ಡಗಳಿಗೆ ಬಡಿಯದೆ ಸೀದಾ ಹೋಯಿತೆಂದು ಇಟ್ಟುಕೊಂಡರೆ ಹನ್ನೆರಡು ನಿಮಿಷ ತುಂಬುವ ಮೊದಲೇ ಮೆಜೆಸ್ಟಿಕ್‌ನಲ್ಲಿರುತ್ತದೆ. ನೀವು ಅದಕ್ಕಿಂತಲೂ ಮೊದಲು ಅಲ್ಲಿರಬೇಕು. ಕೆಳಗಿನ ಹಂತಗಳಲ್ಲಿ ಒಂದನ್ನೂ ಬಿಡಬೇಡಿ.

ಹಂತ 1: ಎದುರಾಳಿಯನ್ನು ಅಳೆಯಿರಿ

ಉಪಕರಣಕ್ಕೆ ದುಡ್ಡು ಹಾಕಬೇಡಿ. ಏಪ್ರಿಲ್ 17ರ ರಾತ್ರಿ ಪುತ್ತೂರು ಮಹಾಲಿಂಗೇಶ್ವರ ದೇವರ ಬ್ರಹ್ಮರಥೋತ್ಸವದ ಬೆಡಿ, ಅಂದರೆ ಸಿಡಿಮದ್ದು, ಇರುತ್ತದೆ. ಎಲ್ಲರೂ ಹತ್ತಿರ ಹೋಗಿ ನೋಡುತ್ತಾರೆ. ನೀವು ದೂರದ ಗುಡ್ಡೆ ಹತ್ತಿ. ಬೆಳಕು ಕಂಡ ಕೂಡಲೇ ಎಣಿಸಲು ಶುರುಮಾಡಿ, "ಢಂ" ಕೇಳಿದ ಕೂಡಲೇ ನಿಲ್ಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಜಾತ್ರೆ ತಪ್ಪಿದರೆ ಮುಂಗಾರಿನ ಮೊದಲ ಸಿಡಿಲಿಗೆ ಕಾಯಿರಿ. ಎಣಿಕೆ ಒಂದಕ್ಕೇ ಮುಗಿದರೆ ಲೆಕ್ಕ ಬಿಟ್ಟು ಮನೆಯೊಳಗೆ ಓಡಿ. ಅದು ಶಬ್ದದ ವೇಗ ಅಳೆಯುವ ಹೊತ್ತಲ್ಲ.

ಶಬ್ದದ ದೌರ್ಬಲ್ಯವನ್ನೂ ತಿಳಿದಿರಿ. ಚಳಿ ಹೆಚ್ಚಾದಷ್ಟೂ ಅದು ನಿಧಾನವಾಗುತ್ತದೆ. ಕೊಯಿಲದ 30 ಡಿಗ್ರಿ ಸೆಕೆಯಲ್ಲಿ ಸೆಕೆಂಡಿಗೆ 349 ಮೀಟರ್ ಓಡುವ ಇದೇ ಶಬ್ದ, 11 ಕಿ.ಮೀ. ಎತ್ತರದ ಮೈನಸ್ 56 ಡಿಗ್ರಿಯಲ್ಲಿ 295ಕ್ಕೆ ಇಳಿಯುತ್ತದೆ. ಗಂಟೆಗೆ 190 ಕಿ.ಮೀ. ರಿಯಾಯಿತಿ ಸಿಕ್ಕ ಹಾಗಾಯಿತು. ಆದ್ದರಿಂದ ನಿಮ್ಮ ವೇಗ ಹೆಚ್ಚಿಸುವ ಮೊದಲು ಎದುರಾಳಿಯನ್ನು ಚಳಿಗೆ ಎಳೆದುಕೊಂಡು ಹೋಗಿ. ಯಾವ ಕಾರಣಕ್ಕೂ ಪಂದ್ಯವನ್ನು ಕುಮಾರಧಾರೆಯೊಳಗೆ ಇಡಬೇಡಿ: ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 1,500 ಮೀಟರ್. ನೀರಿಗಿಳಿದವನು ಸೋತ ಹಾಗೆಯೇ.

ಹಂತ 2: ನಿಮ್ಮ ಈಗಿನ ಯೋಗ್ಯತೆ ನೋಡಿಕೊಳ್ಳಿ

ಯಾವ ವೇಗವನ್ನೂ ಶಬ್ದದ ವೇಗದಿಂದ ಭಾಗಿಸಿದರೆ ಬರುವುದು ಮ್ಯಾಕ್ ಸಂಖ್ಯೆ. ಹೆಸರು ಆಸ್ಟ್ರಿಯಾದ ವಿಜ್ಞಾನಿ ಅರ್ನ್ಸ್ಟ್ ಮ್ಯಾಕ್ ಅವರದ್ದು; ಹಾರುವ ಗುಂಡಿನ ಮೂತಿಯಲ್ಲಿ ಏಳುವ ಆಘಾತ ಅಲೆಯ ಫೋಟೋವನ್ನು 1887ರಲ್ಲೇ ಪ್ರಕಟಿಸಿದವರು. ಮ್ಯಾಕ್ 1 ಎಂದರೆ ಸರಿಸಮ. ಅದರ ಮೇಲೆ ಹೋದರೆ ಸೂಪರ್‌ಸಾನಿಕ್.

ಈಗ ನಮ್ಮ ಕಡೆಯ ದಾಖಲೆ ತೆಗೆಯಿರಿ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಓಟದ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ದೇಶವೆಲ್ಲ ಬಾಯಿಗೆ ಬೆರಳಿಟ್ಟಿತು. ಭಾಗಿಸಿ ನೋಡಿ: ಸೆಕೆಂಡಿಗೆ ಹತ್ತೂವರೆ ಮೀಟರ್, ಗಂಟೆಗೆ ಸುಮಾರು 38 ಕಿ.ಮೀ. ಮ್ಯಾಕ್ 0.03. ಅಂದರೆ ಕರೆಯ ಬದಿಯಲ್ಲಿ ನಿಂತವರ ಕೂಗು ಗೌಡರಿಗಿಂತ ಮೂವತ್ತು ಪಟ್ಟು ವೇಗದಲ್ಲಿ ಕೊನೆಯ ಮಂಜೊಟ್ಟಿ ಮುಟ್ಟಿತ್ತು. ಗೌಡರಿಗೆ ಬೇಸರವಾಗಬೇಕಾಗಿಲ್ಲ. ರಾತ್ರಿ ಬಸ್ಸು ರಸ್ತೆಯ 300 ಕಿ.ಮೀ.ಯನ್ನು ಏಳು ಗಂಟೆಯಲ್ಲಿ ಮುಗಿಸಿತೆಂದು ಹಿಡಿಯಿರಿ. ಸರಾಸರಿ 43 ಬರುತ್ತದೆ. ಕೆಸರಿನಲ್ಲಿ ಓಡುವ ಕೋಣಕ್ಕೂ ಹವಾನಿಯಂತ್ರಿತ ಸ್ಲೀಪರಿಗೂ ಇರುವ ಅಂತರ ಗಂಟೆಗೆ ಐದೇ ಐದು ಕಿ.ಮೀ.

ಎದೆಗುಂದಬೇಡಿ. ಬರೀ ಕೈಯಲ್ಲಿ ಶಬ್ದವನ್ನು ದಾಟುವ ಒಂದು ಸಾಧನ ಹಿಂದಿನಿಂದಲೂ ಇದೆ: ಉದ್ದ ಬಾರಿನ ಚಾವಟಿ. ಗಾಳಿಯಲ್ಲಿ ಬೀಸಿದಾಗ ಕೇಳುವ "ಛಟೀರ್" ಎಲ್ಲಿಗೂ ತಾಗಿದ್ದರಿಂದ ಹುಟ್ಟಿದ್ದಲ್ಲ. ಬಾರಿನ ತುದಿ ಶಬ್ದದ ವೇಗ ಮೀರಿದ್ದರಿಂದ ಹುಟ್ಟಿದ್ದು. ಒಂದು ಚಾವಟಿ ಕೊಳ್ಳಿ, ಗುಡ್ಡೆಯಲ್ಲಿ ಒಬ್ಬರೇ ನಿಂತು ಬೀಸಿ. ನೀವು ನಿಂತಲ್ಲೇ ಇರುತ್ತೀರಿ, ತುದಿ ಮಾತ್ರ ಮುಂದೆ ಹೋಗಿರುತ್ತದೆ. ಅಭಿವೃದ್ಧಿ ಸಾಮಾನ್ಯವಾಗಿ ಆಗುವುದೂ ಹೀಗೆಯೇ.

ಹಂತ 3: ಮೊದಲು ಮೈ ಕಟ್ಟಿಸಿ, ಎಂಜಿನ್ ಆಮೇಲೆ ನೋಡಿಕೊಳ್ಳಿ

ಮನೆ ಒಕ್ಕಲಾದ ಮೇಲೆ ಬಾವಿ ತೋಡಿಸುವ ಜನ ನಾವು. ವಿಮಾನಕ್ಕೂ ಇದೇ ಕ್ರಮ ಅನುಸರಿಸಿ. ದೊಡ್ಡವರು ದಾರಿ ತೋರಿಸಿದ್ದಾರೆ.

1956ರಲ್ಲಿ ಜರ್ಮನಿಯ ಹೆಸರಾಂತ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರನ್ನು ಬೆಂಗಳೂರಿಗೆ ಕರೆಸಲಾಯಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಯುದ್ಧವಿಮಾನ ಬೇಕಿತ್ತು. ಹೆಸರು ಎಚ್‌ಎಫ್-24 ಮಾರುತ್. ಹನುಮಂತನಿಗೂ ಆಂಜನೇಯ ಗುಡಿಗೂ ಬರವಿಲ್ಲದ ನಾಡಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? 1959ರಲ್ಲಿ ಅದರ ಅಳತೆಯದ್ದೇ ಒಂದು ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿದರು. ಗಮನಿಸಿ: ಮ್ಯಾಕ್ 2ರ ಕನಸಿನ ಮೊದಲ ರೂಪಕ್ಕೆ ಎಂಜಿನ್ನೇ ಇರಲಿಲ್ಲ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತನ್ನು ಮೇಲಕ್ಕೇರಿಸಿದರು. ಮೈ ಅಂದವಾಗಿತ್ತು, ಸೊಂಟ ಸಣ್ಣಗಿತ್ತು, ರೆಕ್ಕೆ ಹಿಂದಕ್ಕೆ ಬಾಗಿತ್ತು. ನಂಬಿಕೊಂಡಿದ್ದ ಬ್ರಿಸ್ಟಲ್ ಕಂಪನಿಯ ಶಕ್ತಿಶಾಲಿ ಆರ್ಫಿಯಸ್ ಎಂಜಿನ್ ಮಾತ್ರ ಬರಲಿಲ್ಲ. ಬೇರೆ ಗಿರಾಕಿಗಳಿಲ್ಲದೆ ಅದರ ಅಭಿವೃದ್ಧಿ ನಿಂತಿತು. ಅದಕ್ಕೆ ತಗಲುವ ಹಣ ಹಾಕಲು ನಮ್ಮವರೂ ಒಪ್ಪಲಿಲ್ಲ. ಇದ್ದ ಸಣ್ಣ ಎಂಜಿನ್‌ಗಳನ್ನೇ ಎರಡು ಕೂರಿಸಲಾಯಿತು. ಈಜಿಪ್ಟಿನ ಎಂಜಿನ್ ಆಗಬಹುದೇ ಎಂದು ಒಂದು ಮಾರುತನ್ನು ಅಲ್ಲಿಗೇ ಕಳುಹಿಸಿ ನೋಡಿದ್ದೂ ಆಯಿತು. ಕೊನೆಗೆ ಸುಮಾರು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ಕೆಳಮಟ್ಟದ ದಾಳಿಗೆ ಹೋಗಿ ಒಳ್ಳೆಯ ಹೆಸರನ್ನೂ ತಂದವು. ಆದರೆ ಸಮತಲ ಹಾರಾಟದಲ್ಲಿ ಅವುಗಳ ವೇಗ ಮ್ಯಾಕ್ 1ರ ಹೊಸ್ತಿಲಲ್ಲೇ ನಿಂತಿತು. ಒಂದನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಮುಂದೆ ನಿಲ್ಲಿಸಿ ಫೋಟೋ ತೆಗೆಯಿರಿ. ಎಂಜಿನ್ ಬಗ್ಗೆ ಕೇಳಿದರೆ ಐಸ್‌ಕ್ರೀಮ್ ಕೊಡಿಸಿ.

ಅವಸರ ಬೇಡ. ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ 2001ರ ಜನವರಿ 4ರಂದು ಮೊದಲು ಹಾರಿ, 2003ರ ಆಗಸ್ಟ್ 1ರಂದು ಶಬ್ದದ ವೇಗ ಮೀರಿತು. ಮಾರುತ್‌ನ ಮೊದಲ ಹಾರಾಟದಿಂದ ಲೆಕ್ಕ ಹಾಕಿದರೆ 42 ವರ್ಷ. ಈ ಸಲ ಎಂಜಿನನ್ನು ಅಮೆರಿಕದಿಂದ ತರಿಸಲಾಗಿತ್ತು. ಬಾವಿ ತೋಡಲಾಗದಿದ್ದರೆ ಪಕ್ಕದ ಮನೆಯಿಂದ ಪೈಪು ಎಳೆಯಿರಿ ಎಂಬುದು ಇದರ ಪಾಠ.

ವಿನ್ಯಾಸ ಪರೀಕ್ಷಿಸಲು ಗಾಳಿಸುರಂಗ ಬೇಕೆಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. 1950ರ ದಶಕದ ಮೊದಲಲ್ಲಿ ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಸೂಪರ್‌ಸಾನಿಕ್ ಸುರಂಗದ ಪರೀಕ್ಷಾ ಕಿಂಡಿ ಒಂದು ಇಂಚಿಗೆ ಮೂರು ಇಂಚು. ನೇಂದ್ರ ಬಾಳೆಹಣ್ಣೂ ಹಿಡಿಯದು. ಅಷ್ಟರಲ್ಲೇ ಒಂದು ದೇಶದ ವಿದ್ಯೆ ಶುರುವಾಯಿತು. ನಿಮ್ಮಲ್ಲಿ ಅಡಿಕೆ ಒಣಗಿಸುವ ಅಂಗಳವಿದೆ, ಮೇಲೆ ಬೀಸುವ ಗಾಳಿಯೂ ಧರ್ಮಕ್ಕೆ ಸಿಗುತ್ತದೆ.

ಹಂತ 4: ಒಳ್ಳೆಯ ಚಾಲಕನನ್ನು ಆರಿಸಿ

1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್, ಬೆಲ್ ಎಕ್ಸ್-1 ರಾಕೆಟ್ ವಿಮಾನದಲ್ಲಿ ಮ್ಯಾಕ್ 1.06 ಮುಟ್ಟಿದರು. ಅವರ ಸಿದ್ಧತಾ ಕ್ರಮ ಹೀಗಿತ್ತು: ಎರಡು ದಿನ ಮೊದಲು ಕುದುರೆಯಿಂದ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡರು. ಮೇಲಧಿಕಾರಿಗಳಿಗೆ ಹೇಳಲಿಲ್ಲ. ಕೈ ಎತ್ತಿ ಬಾಗಿಲು ಹಾಕಲಾಗದ್ದಕ್ಕೆ ಪೊರಕೆಯ ಕೋಲಿನ ತುಂಡೊಂದನ್ನು ಒಳಗಿಟ್ಟುಕೊಂಡು, ಅದರಿಂದ ಅಗುಳಿ ಮೀಟಿ ಬಾಗಿಲು ಹಾಕಿದರು. ಮನುಷ್ಯಕುಲ ಶಬ್ದದ ಗೋಡೆ ದಾಟಿತು.

ನೀವೂ ಇದನ್ನೇ ಪಾಲಿಸಿ. ಕುದುರೆ ಸಿಗದಿದ್ದರೆ ಅಡಿಕೆ ಮರ ಇದೆ. ಹಿಡಿಸೂಡಿ ನಂಬಬೇಡಿ, ತೆಂಗಿನ ಕಡ್ಡಿಗೆ ಅಗುಳಿ ಮೀಟುವ ಗಟ್ಟಿತನವಿಲ್ಲ. ದೋಟಿಯ ತುದಿ ಕಡಿದು ಇಟ್ಟುಕೊಳ್ಳಿ. ಮನೆಯಲ್ಲಿ ಹೇಳಬೇಡಿ.

ಹಾರುವ ಮೊದಲು ಉಪ್ಪಿನಂಗಡಿ–ಕಡಬ ರಸ್ತೆಯಲ್ಲಿ ಅಭ್ಯಾಸ ಮಾಡಿ. ಶಬ್ದಾತೀತ ವಾಹನದ ಮುಖ್ಯ ಲಕ್ಷಣವೆಂದರೆ ಅದು ಬಂದದ್ದು ಮೊದಲು ಗೊತ್ತಾಗುತ್ತದೆ, ಹಾರ್ನ್ ಆಮೇಲೆ ಕೇಳುತ್ತದೆ. ಆದ್ದರಿಂದ ತಿರುವು ಕಂಡಲ್ಲಿ ಹಾರ್ನ್ ಹಾಕಬೇಡಿ. ತಿರುವು ದಾಟಿ, ಎದುರಿನ ಪಿಕಪ್‌ನವನು ಚರಂಡಿಗೆ ಇಳಿದ ಮೇಲೆ ಹಾಕಿ. ಈ ಭಾಗದಲ್ಲಿ ತರಬೇತಿ ಇಲ್ಲದೆಯೇ ಈ ಕಲೆ ಕೈವಶ ಮಾಡಿಕೊಂಡವರು ಅನೇಕರಿದ್ದಾರೆ. ಅವರ ಹಿಂದೆ ಸ್ವಲ್ಪ ದೂರ ಬಿಟ್ಟು ಹೋಗಿ ನೋಡಿ ಕಲಿಯಿರಿ.

ಹಂತ 5: ಗೋಡೆಗೆ ಗುದ್ದಿ

ಗಾಳಿಯಲ್ಲಿ ಗೋಡೆ ಎಲ್ಲಿದೆ ಎಂದು ಕೇಳಬೇಡಿ. ನೀವು ಮುಂದೆ ಹೋಗುವಾಗ ಎದುರಿನ ಗಾಳಿಗೆ "ಬರುತ್ತಿದ್ದೇನೆ, ದಾರಿ ಬಿಡಿ" ಎಂಬ ಸುದ್ದಿ ಮುಟ್ಟಬೇಕು. ಆ ಸುದ್ದಿ ಹೋಗುವುದು ಒತ್ತಡದ ಅಲೆಯಾಗಿ, ಶಬ್ದದ ವೇಗದಲ್ಲಿ. ನೀವು ಮೆಲ್ಲ ಹೋದರೆ ಸುದ್ದಿ ಮುಂದೆ, ನೀವು ಹಿಂದೆ. ಗಾಳಿ ಮರ್ಯಾದೆಯಿಂದ ಬದಿಗೆ ಸರಿಯುತ್ತದೆ. ಸುದ್ದಿಯ ವೇಗದಲ್ಲೇ ನೀವೂ ಹೊರಟರೆ ಅಲೆಗಳೆಲ್ಲ ಮೂಗಿನ ಮುಂದೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಎಳೆತ ಏಕಾಏಕಿ ಏರುತ್ತದೆ, ವಿಮಾನ ನಡುಗುತ್ತದೆ, ಹಳೆಯ ಮಾದರಿಗಳಲ್ಲಿ ಹಿಡಿಕೆ ಮಾತೇ ಕೇಳುತ್ತಿರಲಿಲ್ಲ. ಮ್ಯಾಕ್ 0.8ರಿಂದ 1.2ರವರೆಗಿನ ಈ ಸಂದಿಯಲ್ಲಿ ಬಹಳ ಹೊತ್ತು ನಿಲ್ಲಬೇಡಿ. ಇಲ್ಲಿ ಸೊಂಟ ಸಣ್ಣಗಿದ್ದಷ್ಟೂ ಒಳ್ಳೆಯದು. ರೆಕ್ಕೆ ಸೇರುವಲ್ಲಿ ವಿಮಾನದ ಮೈಯನ್ನು ಕಿರಿದು ಮಾಡಿದರೆ ಎಳೆತ ತಗ್ಗುತ್ತದೆಂದು ಅಮೆರಿಕದ ರಿಚರ್ಡ್ ವಿಟ್‌ಕಂಬ್ 1950ರ ದಶಕದಲ್ಲೇ ಕಂಡುಕೊಂಡಿದ್ದರು. ಪ್ರಯತ್ನವನ್ನು ಮದುವೆ ಊಟದ ಮರುದಿನ ಇಟ್ಟುಕೊಳ್ಳಬೇಡಿ.

ದಾಟಿದ ಮೇಲೆ ಒಳಗೆ ಪರಮ ಶಾಂತಿ. ನಿಮ್ಮ ಸದ್ದು ಶಂಕುವಿನ ಆಕಾರದಲ್ಲಿ ಹಿಂದೆ ಹಿಂದೆ ಬರುತ್ತಿರುತ್ತದೆ, ನೀರಿನಲ್ಲಿ ಹೋಗುವ ದೋಣಿಯ ಹಿಂದೆ ಅಲೆ ಎರಡು ಕವಲಾಗಿ ಹರಡುವ ಹಾಗೆ. ನಿಮಗೆ ಮಾತ್ರ ಅದು ಕೇಳಿಸದು. ಇದೇ ಈ ಪ್ರಯಾಣದ ದೊಡ್ಡ ಸುಖ.

ಹಂತ 6: ಸದ್ದನ್ನು ಊರಿಗೆ ಹಂಚಿ

ಗೋಡೆ ಒಡೆದಾಗ ಒಂದು ಸಲ "ಢಂ" ಅಂದು ಮುಗಿಯಿತು ಎಂದುಕೊಂಡಿದ್ದರೆ ನಿಮ್ಮ ಉದಾರತೆಯನ್ನು ನೀವೇ ಕಡಿಮೆ ಅಂದಾಜು ಮಾಡಿದ್ದೀರಿ. ಶಬ್ದಾತೀತ ವೇಗ ಇರುವಷ್ಟು ಹೊತ್ತೂ ಆ ಅಲೆ ನೆಲದ ಮೇಲೆ ಚಾಪೆ ಎಳೆದುಕೊಂಡು ಹೋದ ಹಾಗೆ ನಿಮ್ಮ ಹಿಂದೆ ಬರುತ್ತದೆ. ಪ್ರತಿ ಊರಿಗೂ ಅದರ ಸರದಿಯಲ್ಲಿ ಎರಡೆರಡು ಗುದ್ದು: ಮೂತಿಯದ್ದೊಂದು, ಬಾಲದ್ದೊಂದು. 50,000 ಅಡಿ ಎತ್ತರದಲ್ಲಿ ಹಾರಿದರೆ ಚಾಪೆಯ ಅಗಲ ಸುಮಾರು 80 ಕಿ.ಮೀ. ಕೊಯಿಲದ ಮೇಲೆ ಹೋದರೆ ಪುತ್ತೂರು, ಸುಳ್ಯ, ಸುಬ್ರಹ್ಮಣ್ಯ, ಬೆಳ್ತಂಗಡಿ ಎಲ್ಲಕ್ಕೂ ಪಾಲು ಸಲ್ಲುತ್ತದೆ. ಟಿಕೇಟು ಒಬ್ಬರದ್ದು, ಸದ್ದು ನಾಲ್ಕು ತಾಲೂಕಿನದ್ದು. ಮಂಗಳೂರು ಹಂಚಿನ ಮಾಡುಗಳು ಒಟ್ಟಿಗೆ ಕಟಕಟ ಎನ್ನುತ್ತವೆ. ಕೊಯಿಲದ ಪಶುಸಂಗೋಪನಾ ಫಾರ್ಮಿನ ಹಸಿರು ಗುಡ್ಡೆಗಳಲ್ಲಿ ಮೇಯುತ್ತಿರುವ ದನಗಳ ಅಭಿಪ್ರಾಯ ಕೇಳಬೇಡಿ. ಅವುಗಳಿಗೆ ವಿಜ್ಞಾನದಲ್ಲಿ ಆಸಕ್ತಿಯಿಲ್ಲ.

ಜನ ಒಗ್ಗಿಕೊಳ್ಳುತ್ತಾರೆಯೇ ಎಂಬ ಸಂಶಯವಿದ್ದರೆ ಒಂದು ಪ್ರಯೋಗ ಆಗಿಹೋಗಿದೆ. 1964ರಲ್ಲಿ ಅಮೆರಿಕ ತನ್ನದೇ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳು ಬೇಕೆಂದೇ ಸೂಪರ್‌ಸಾನಿಕ್ ವಿಮಾನ ಹಾರಿಸಿ 1,253 ಗುದ್ದು ಕೊಟ್ಟಿತು. ಜನ ಒಗ್ಗಿಕೊಳ್ಳಲಿಲ್ಲ, ದೂರು ಬರೆದರು. 1973ರಲ್ಲಿ ಆ ದೇಶ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನೇ ನಿಷೇಧಿಸಿತು. 1977ರ ಡಿಸೆಂಬರಿನಲ್ಲಿ ಲಂಡನ್–ಸಿಂಗಾಪುರ ನಡುವೆ ಕಾಂಕಾರ್ಡ್ ಎಂಬ ಶಬ್ದಾತೀತ ಪ್ರಯಾಣಿಕ ವಿಮಾನ ಶುರುವಾಗಿ ಮೂರು ಸಲ ಹೋಗಿ ಬರುವಷ್ಟರಲ್ಲಿ ಮಲೇಷ್ಯಾ ಸದ್ದಿಗೆ ಆಕ್ಷೇಪ ಎತ್ತಿ, ಹಾರಾಟ ನಿಂತಿತು. ಇವರೆಲ್ಲ ತಾಳ್ಮೆ ಇಲ್ಲದವರು. ನಮ್ಮ ಜನ ಹಾಗಲ್ಲ. ಮದುವೆ ಹಾಲಿನ ಧ್ವನಿವರ್ಧಕದ ಕೆಳಗೆ ಕುಳಿತು ಕುಶಲ ವಿಚಾರಿಸಬಲ್ಲವರು.

ಹಂತ 7: ಸಂಜೆಯವರೆಗೆ ಸುಮ್ಮನಿರಿ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿಗೆ ದೊಡ್ಡ ಸದ್ದೊಂದು ಕೇಳಿಸಿತು. ಕಿಟಕಿಗಳು ಅದುರಿದವು. ಲಾಕ್‌ಡೌನ್ ಕಾಲ, ಊರಿಗೆ ಊರೇ ಮನೆಯೊಳಗಿತ್ತು, ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಭೂಕಂಪವೇ ಎಂದರು. ವಿಪತ್ತು ಉಸ್ತುವಾರಿ ಕೇಂದ್ರದವರು ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿಲ್ಲ ಎಂದರು. ಕೊನೆಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ಪರೀಕ್ಷಾ ಹಾರಾಟ, ವಿಮಾನ ನಗರದಿಂದ ಬಹಳ ದೂರದಲ್ಲಿತ್ತು, 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಾತೀತ ವೇಗವನ್ನು ತಗ್ಗಿಸುವಾಗ ಆದ ಸದ್ದಿರಬೇಕು, 65ರಿಂದ 80 ಕಿ.ಮೀ. ದೂರದವರೆಗೂ ಕೇಳಿಸಬಹುದು.

ಇದರಿಂದ ನೀವು ಕಲಿಯಬೇಕಾದದ್ದು ಸಮಯಪಾಲನೆ. ಸದ್ದಾದ ಕೂಡಲೇ ಬಾಯಿ ಬಿಡಬೇಡಿ. ಜನರಿಗೆ ಸ್ವಂತ ವಿವರಣೆ ಕಂಡುಕೊಳ್ಳಲು ಅವಕಾಶ ಕೊಡಿ. ಆತೂರಿನ ಹೋಟೆಲಿನಲ್ಲಿ ಅದು ಕಲ್ಲುಕೋರೆಯ ಸ್ಫೋಟ ಎನ್ನುವವರಿರುತ್ತಾರೆ, ದೈವ ಮುನಿದದ್ದು ಎನ್ನುವವರಿರುತ್ತಾರೆ, ಎರಡು ಚಹಾ ಮುಗಿಯುವಷ್ಟರಲ್ಲಿ ಅವರು ಪರಸ್ಪರ ಮಾತು ಬಿಟ್ಟಿರುತ್ತಾರೆ. ಆಮೇಲೆ ಬಂದು ನಿಜ ಹೇಳಿ. ಅಷ್ಟರಲ್ಲಿ ಯಾರಿಗೂ ಬೇಕಾಗಿರುವುದಿಲ್ಲ.

ದೋಷ ಕಂಡರೆ

ಮೂತಿ ಬಿಸಿಯಾಗಿದೆಯೇ? ಸರಿಯಾಗಿಯೇ ಹೋಗುತ್ತಿದ್ದೀರಿ. ಮ್ಯಾಕ್ 2ರಲ್ಲಿ ಕಾಂಕಾರ್ಡಿನ ಮೂತಿ 127 ಡಿಗ್ರಿವರೆಗೆ ಕಾಯುತ್ತಿತ್ತು, ಇಡೀ ವಿಮಾನ ಒಂದು ಗೇಣಿನಷ್ಟು ಉದ್ದವಾಗುತ್ತಿತ್ತು. ನೀರುದೋಸೆಗೆ ಆ ಬಿಸಿ ಸಾಲದು, ಹಲಸಿನ ಹಪ್ಪಳ ಒಣಗಿಸಲು ಧಾರಾಳ.

ಇಂಧನ ಬೇಗ ಮುಗಿಯಿತೇ? ಕಾಂಕಾರ್ಡ್ ನೂರು ಜನರನ್ನು ಹೊತ್ತು ಗಂಟೆಗೆ ಸುಮಾರು 25 ಸಾವಿರ ಲೀಟರ್ ಕುಡಿಯುತ್ತಿತ್ತು. ತಯಾರಾದದ್ದು ಒಟ್ಟು 20, ಪ್ರಯಾಣಿಕರನ್ನು ಒಯ್ದದ್ದು 14. 1976ರಿಂದ 2003ರವರೆಗೆ ಹಾರಿ ನಿಂತಿತು. ಖರ್ಚಿನ ಮಾತೆತ್ತುವವರನ್ನು ವಿಮಾನಕ್ಕೆ ಹತ್ತಿಸಬೇಡಿ.

ವೇಗ ಏರುವ ಮೊದಲೇ ಬೆಂಗಳೂರು ಬಂತೇ? ಇದು ಲೆಕ್ಕದಲ್ಲಿರುವ ಸಣ್ಣ ತೊಡಕು. ಮ್ಯಾಕ್ 2ರಲ್ಲಿ 240 ಕಿ.ಮೀ.ಗೆ ಏಳು ನಿಮಿಷ ಸಾಕು, ನಿಜ. ಆದರೆ ಅಷ್ಟು ಎತ್ತರ ಏರಲು, ಅಷ್ಟು ವೇಗ ಪಡೆಯಲು, ಮತ್ತೆ ಅದನ್ನು ಇಳಿಸಲು ನೂರಾರು ಕಿಲೋಮೀಟರ್ ಬೇಕು. ಸಕಲೇಶಪುರದಲ್ಲಿ ವೇಗ ಹೆಚ್ಚಿಸುತ್ತಿರುವಾಗಲೇ ಬ್ರೇಕಿನ ಚಿಂತೆ ಮಾಡಬೇಕಾಗುತ್ತದೆ. ಈ ಲೆಕ್ಕವನ್ನು ಹೊರಡುವ ಮೊದಲು ಮಾಡಬೇಡಿ. ಮಾಡಿದವರು ಯಾರೂ ಹೊರಟಿಲ್ಲ.

ಹಂತ 8: ಮುಟ್ಟಿದ ಮೇಲೆ

ಎಲ್ಲವೂ ಸರಿಹೋಯಿತೆಂದೇ ಇಟ್ಟುಕೊಳ್ಳಿ. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಿರಿ. ಗಡಿಯಾರ ನೋಡಿ: ಹನ್ನೆರಡು ನಿಮಿಷ ಆಗಿಲ್ಲ, ಶಬ್ದ ಸೋತಿದೆ. ಹೊರಗೆ ಬಂದು ಆಟೋ ಹಿಡಿಯಿರಿ. ಆಟೋ ಸುರಂಜನ್ ದಾಸ್ ರಸ್ತೆಗೆ ತಿರುಗುತ್ತದೆ. ಮಾರುತನ್ನು ಮೊದಲು ಹಾರಿಸಿದವರು ಅವರೇ. 1970ರ ಜನವರಿಯಲ್ಲಿ, ಅದರ ವೇಗ ಹೆಚ್ಚಿಸಲೆಂದು ಮಾಡಿದ ಹೊಸ ರೂಪವನ್ನು ಇದೇ ಬೆಂಗಳೂರಿನಲ್ಲಿ ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ನಿಮ್ಮ ಆಟೋ ನಿಲ್ಲುತ್ತದೆ. ಮುಂದೆ ಕಾರು, ಹಿಂದೆ ಬಸ್ಸು, ಬದಿಯಲ್ಲಿ ಸ್ಕೂಟರು. ಎಲ್ಲರೂ ಹಾರ್ನ್ ಹಾಕುತ್ತಿರುತ್ತಾರೆ. ಒಂದೊಂದು ಹಾರ್ನೂ ಸೆಕೆಂಡಿಗೆ 343 ಮೀಟರ್ ವೇಗದಲ್ಲಿ ನಿಮ್ಮನ್ನು ದಾಟಿ ಮುಂದೆ ಹೋಗುತ್ತಿರುತ್ತದೆ. ತಲೆಕೆಡಿಸಿಕೊಳ್ಳಬೇಡಿ, ಪಂದ್ಯ ಆಗಲೇ ಮುಗಿದಿದೆ.

ಇಲ್ಲಿ ಒಂದೇ ಒಂದು ಎಚ್ಚರಿಕೆ. ಮೊಬೈಲ್ ಆಫ್ ಮಾಡಲು ಮರೆತಿರುತ್ತೀರಿ. ಅದರ ಅಲೆ ಹೋಗುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿ.ಮೀ. ಕೊಯಿಲದಿಂದ ಇಲ್ಲಿಗೆ ಬರಲು ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಜೇಬಿನಲ್ಲಿ ರಿಂಗಾಗುತ್ತದೆ. ಪರದೆಯ ಮೇಲೆ "ಅಮ್ಮ" ಎಂದು ಕಾಣುತ್ತದೆ.

ಎತ್ತಬೇಡಿ. "ಮುಟ್ಟಿದೆಯಾ, ಊಟ ಆಯ್ತಾ" ಎಂದು ಕೇಳಿ, ಬೆಳಿಗ್ಗೆ ನೀವು ಕೇಳಿಸಿಕೊಳ್ಳದೆ ಬಂದ ಆ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ. ಅದು ಕಿವಿಗೆ ಬೀಳಬಾರದೆಂದೇ ಅಲ್ಲವೇ ಇಷ್ಟೆಲ್ಲ ಖರ್ಚು ಮಾಡಿದ್ದು.